ಸ್ವಇಚ್ಛೆಯ ಪತ್ರ

ಟಿಶ್ಯೂ ಕಾಗದದ ಡಬ್ಬಿಯನ್ನು ಹುಡುಗಿ ಒಳಗೆ ಬರುವ ಮೊದಲೇ ಅವಳ ಕೈಗೆಟುಕುವಂತೆ ಇಟ್ಟಿರಬೇಕು. ಅಳು ಶುರುವಾದ ಮೇಲೆ ಎದ್ದು ಹುಡುಕಿ ತಂದುಕೊಟ್ಟರೆ, ಅಳಿಸಿದ್ದು ನಾವೇ ಎಂದು ಒಪ್ಪಿಕೊಂಡಂತಾಗುತ್ತದೆ. ಸ್ಯಾಲ್ಟ್ ಫೋರ್ಕ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ಹುಡುಗಿಯರ ಸಾಫ್ಟ್‌ಬಾಲ್ ತಂಡದ ಮುಖ್ಯ ತರಬೇತುದಾರಳಾದ ವರ್ನಾ ಡರ್ಕ್ಸನ್‌ಳಿಗೆ ಕೊಟ್ಟಿದ್ದ ಎರಡು ಪುಟದ ಸೂಚನೆಯಲ್ಲಿ ಇದು ಮೂರನೆಯದು. ಮೊದಲನೆಯದು, ‘ಹೋಗು’ ಎಂಬ ಮಾತನ್ನು ಯಾವ ಕಾರಣಕ್ಕೂ ಆಡಬಾರದು. ಎರಡನೆಯದು, ‘ಬರುವ ವರ್ಷಕ್ಕೆ ಏನು ಯೋಚನೆ ಮಾಡಿದ್ದೀಯಮ್ಮಾ?’ ಎಂದು ಕೇಳಿ ಸುಮ್ಮನಾಗಬೇಕು. ಉಳಿದ ಕೆಲಸವನ್ನು ಆ ಮೌನವೇ ಮಾಡುತ್ತದೆ.

ಮೇ ತಿಂಗಳ ಮೂರನೆಯ ಸೋಮವಾರ ಬೆಳಗ್ಗೆ ಎಂಟೂವರೆಗೆ ವರ್ನಾ ಆ ಹಾಳೆಯನ್ನು ಮತ್ತೊಮ್ಮೆ ಓದಿದಳು. ಕಿಟಕಿಯಾಚೆ ಮೈದಾನದ ಕೆಂಪು ಮಣ್ಣನ್ನು ಗಾಳಿ ಎಬ್ಬಿಸಿ ಗೋಡೆಗೆ ತೂರುತ್ತಿತ್ತು. ಹಿಂದಿನ ವಾರ ಸೋಲಿನೊಂದಿಗೆ ಆಟದ ಋತು ಮುಗಿದಿತ್ತು. ಆಟಗಾರ್ತಿಯರು ಕೂರುವ ಕಟ್ಟೆಯಡಿ ಅವರು ಉಗಿದ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಇನ್ನೂ ಯಾರೂ ಗುಡಿಸಿರಲಿಲ್ಲ.

ಋತು ಮುಗಿದ ಮೇಲೆ ಮುಖ್ಯ ತರಬೇತುದಾರರು ಪ್ರತಿಯೊಬ್ಬ ಆಟಗಾರ್ತಿಯನ್ನೂ ಕಾಲು ಗಂಟೆ ಕೂರಿಸಿಕೊಂಡು ಮಾತನಾಡುವುದು ಈ ಆಟದ ಹಳೆಯ ಪದ್ಧತಿ. ಎಲ್ಲಿ ತಪ್ಪಿದೆ, ಬೇಸಿಗೆಯಲ್ಲಿ ಏನು ತಿದ್ದಿಕೊಳ್ಳಬೇಕು, ಓದು ಹೇಗಿದೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ ಎಂದು ವಿಚಾರಿಸಲು ಹುಟ್ಟಿದ ಪದ್ಧತಿ ಅದು. ಈಗ ಅದಕ್ಕೆ ಬೇರೆ ಉಪಯೋಗವೊಂದು ಸಿಕ್ಕಿತ್ತು. ಆಟ ಸಾಲದು ಎಂಬ ಕಾರಣಕ್ಕೆ ಹುಡುಗಿಯ ವಿದ್ಯಾರ್ಥಿವೇತನವನ್ನು ಕಸಿಯುವಂತಿಲ್ಲ ಎಂದು ವಿಶ್ವವಿದ್ಯಾಲಯದ ನಿಯಮವೇ ಹೇಳುತ್ತದೆ. ಆದರೆ ಅವಳಾಗಿಯೇ ‘ಸ್ವಇಚ್ಛೆಯಿಂದ ತಂಡ ಬಿಡುತ್ತಿದ್ದೇನೆ’ ಎಂದು ಬರೆದುಕೊಟ್ಟರೆ ಯಾವ ನಿಯಮವೂ ಮುರಿಯುವುದಿಲ್ಲ. ತೆರವಾದ ಜಾಗಕ್ಕೆ ಬೇರೆ ಕಾಲೇಜಿನಿಂದ ಪಳಗಿದ ಕೈಯೊಂದನ್ನು ಕರೆತರಬಹುದು. ಕ್ರೀಡಾ ನಿರ್ದೇಶಕ ಡೇಲ್ ಹಕಬಿ ಐದು ಹೆಸರು ಕೊಟ್ಟಿದ್ದ. ಐದೂ ಪತ್ರ ಸಂಜೆ ಐದರೊಳಗೆ ನಿಯಮಪಾಲನಾ ಕಚೇರಿ ಸೇರಬೇಕು. ವರ್ನಾಳ ಕರಾರು ಒಂದು ವರ್ಷದ್ದು. ಅದರ ನವೀಕರಣದ ಕಾಗದ ಅವನ ಮೇಜಿನ ಮೇಲಿದೆ ಎಂಬುದನ್ನೂ ಮಾತಿನ ನಡುವೆ ನೆನಪಿಸಿದ್ದ.

ವರ್ನಾ ಈ ಕುರ್ಚಿಗೆ ಸುಮ್ಮನೆ ಬಂದವಳಲ್ಲ. ಕಾನ್ಸಸ್‌ನ ಎರಡು ವರ್ಷದ ಸಣ್ಣ ಕಾಲೇಜೊಂದರಲ್ಲಿ ಪಾಠ ಹೇಳುತ್ತಲೇ ತಂಡದ ವ್ಯಾನು ಓಡಿಸಿದ್ದಳು, ಸಮವಸ್ತ್ರ ಒಗೆದಿದ್ದಳು, ಟ್ರಾಕ್ಟರಿಗೆ ಸರಪಳಿ ಚಾಪೆ ಕಟ್ಟಿ ಮೈದಾನದ ಮಣ್ಣು ಸಮ ಮಾಡಿದ್ದಳು. ಆಮೇಲೆ ಹತ್ತೊಂಬತ್ತು ವರ್ಷ ಬೇರೆಯವರಿಗೆ ಸಹಾಯಕಿ. ಅದರಲ್ಲಿ ಹನ್ನೊಂದು ಇಲ್ಲಿಯೇ. ಕಳೆದ ವರ್ಷ ಹಿಂದಿನ ಮುಖ್ಯ ತರಬೇತುದಾರಳು ನಿವೃತ್ತಳಾದಾಗ, ವರ್ನಾಳ ಐವತ್ತನೆಯ ವಯಸ್ಸಿಗೆ, ಬಾಗಿಲ ಮೇಲೆ ಅವಳ ಹೆಸರು ಬಂದಿತ್ತು. ಆ ದಿನ ತನ್ನ ಹೆಸರಿನ ಫಲಕವನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದ್ದಳು. ಅದೇ ಬೆರಳುಗಳು ಈಗ ಟಿಶ್ಯೂ ಡಬ್ಬಿಯನ್ನು ಮೇಜಿನ ಆ ತುದಿಗೆ ಸರಿಸಿದವು.

ಒಂಬತ್ತರಿಂದ ಹತ್ತೂವರೆಯೊಳಗೆ ನಾಲ್ವರು ಬಂದು ಹೋದರು. ಕೆನ್ನಾ ಎರಡು ನಿಮಿಷ ಅತ್ತು ಸಹಿ ಹಾಕಿದಳು. ಆಡಿಸನ್ ಅಳದೆ, ಹೊರಗೆ ಹೋಗಿ ತಾಯಿಗೆ ಫೋನು ಮಾಡಿ ಬಂದು ಸಹಿ ಹಾಕಿದಳು. ಜೇಸಿ ಹೆಂಬ್ರೀ ಪತ್ರವನ್ನು ಓದಲೂ ಇಲ್ಲ. ಬ್ರೈಲೀ ಸ್ಟೋವಲ್ ಸಹಿ ಹಾಕಿ, ಮೇಜು ಸುತ್ತಿ ಬಂದು, ವರ್ನಾಳನ್ನು ತಬ್ಬಿಕೊಂಡು ‘ಥ್ಯಾಂಕ್ಸ್ ಕೋಚ್’ ಎಂದಳು. ಹುಡುಗಿಯ ಕೂದಲಿಗೆ ಬಿಸಿಲಿನ ವಾಸನೆಯಿತ್ತು. ಅವಳು ಹೋದ ಮೇಲೆ ವರ್ನಾ ಎದ್ದು ಕೈ ತೊಳೆದುಕೊಂಡಳು. ತೊಳೆಯಬೇಕಾದದ್ದು ಕೈಯಲ್ಲ ಎಂಬುದು ಸಾಬೂನು ಹಚ್ಚುವಾಗಲೇ ಗೊತ್ತಿತ್ತು. ಆದರೂ ಎರಡು ಸಲ ತೊಳೆದಳು.

ಐದನೆಯವಳು ಮರಿಬೆಲ್ ಓಂಟಿವೆರೋಸ್. ಮೂರು ವರ್ಷ ತಂಡದಲ್ಲಿದ್ದು ಪಂದ್ಯದಲ್ಲಿ ಆಡಿದ್ದು ಹನ್ನೊಂದು ಸಲ. ಬೇಲಿಯ ಪಕ್ಕದ ಪಟ್ಟಿಯಲ್ಲಿ ಚೆಂಡೆಸೆಯುವ ಪಿಚರ್‌ಗಳು ಎಸೆತ ಪಳಗಿಸಿಕೊಳ್ಳುವಾಗ, ಬಕೆಟ್ ಬೋರಲು ಹಾಕಿ ಕೂತು ಅಷ್ಟೂ ಚೆಂಡನ್ನು ಹಿಡಿಯುವುದು ಅವಳ ಕೆಲಸ. ಎಡಗೈ ಹೆಬ್ಬೆರಳು ಏಟು ತಿಂದು ತಿಂದು ಸೊಟ್ಟಗಾಗಿತ್ತು. ತಮ್ಮ ಬೆರಳಸನ್ನೆ ಪಿಚರ್‌ಗೆ ದೂರದಿಂದ ಕಾಣಲೆಂದು, ಬ್ಯಾಟುಗಾರ್ತಿಯ ಹಿಂದೆ ಕೂರುವ ಅವಳಂಥ ಕ್ಯಾಚರ್‌ಗಳು ಉಗುರಿಗೆ ಗಾಢ ಬಣ್ಣ ಹಚ್ಚುವುದುಂಟು. ತನ್ನನ್ನು ಆಡಿಸುವುದಿಲ್ಲವೆಂದು ಗೊತ್ತಿದ್ದೂ ಪ್ರತಿ ಪಂದ್ಯದ ಬೆಳಗ್ಗೆ ಮರಿಬೆಲ್ ಹಳದಿ ಬಣ್ಣ ಹಚ್ಚಿಕೊಂಡು ಬರುತ್ತಿದ್ದಳು. ಸಹಾಯಕಿಯಾಗಿದ್ದಾಗ ಅವಳನ್ನು ಈ ತಂಡಕ್ಕೆ ಕರೆತಂದವಳೂ ವರ್ನಾಳೇ. ಗೈಮನ್ ಊರಿನ ಅವರ ಮನೆಗೆ ಹೋಗಿ, ತಾಯಿ ಬಡಿಸಿದ ಪೊಸೋಲೆ ಸಾರನ್ನು ಎರಡು ಬಟ್ಟಲು ಉಂಡು, ಹಂದಿಮಾಂಸದ ಕಾರ್ಖಾನೆಯಿಂದ ಆಗತಾನೇ ಬಂದಿದ್ದ ತಂದೆಯ ಕೈಹಿಡಿದು, ‘ನಾಲ್ಕು ವರ್ಷ ನಿಮ್ಮ ಮಗಳು ನನ್ನ ಜವಾಬ್ದಾರಿ’ ಎಂದಿದ್ದಳು. ಯಾರೂ ಕೇಳದೆ, ಮನಸ್ಸಾರೆ ಆಡಿದ ಮಾತು.

“ಒಳಗ್ ಬರ್ಲಾ ಕೋಚ್?” ಮರಿಬೆಲ್ ಹೆಬ್ಬೆರಳಿಗೆ ಐಸಿನ ಚೀಲ ಒತ್ತಿಕೊಂಡೇ ಬಂದಳು. “ಏನ್ ಕೋಚ್, ಮುಖ ಹಿಂಗಾಗಿದೆ? ನಿನ್ನೆ ರಾತ್ರಿ ಹಕಬಿ ಸಾಹೇಬ್ರ ಭಾಷಣ ಏನಾದ್ರೂ ಕೇಳಿದ್ರಾ?”

“ಕೂತ್ಕೋ. ಬರೋ ವರ್ಷಕ್ಕೆ ಏನ್ ಯೋಚ್ನೆ ಮಾಡಿದೀಯಮ್ಮಾ?”

“ಯೋಚ್ನೆ ಮಾಡೋಕೆ ಏನಿದೆ? ಇಲ್ಲೇ, ಅದೇ ಬಕೆಟ್ ಮೇಲೆ. ಬಕೆಟ್‌ಗೊಂದು ಮೆತ್ತೆ ಮಾತ್ರ ಕೊಡ್ಸಿ ಕೋಚ್. ಕೂತೂ ಕೂತೂ ನನ್ ಹಿಂಭಾಗ ಹಲಗೆ ಆಗ್ಬಿಟ್ಟಿದೆ.”

ವರ್ನಾ ಸುಮ್ಮನಾದಳು. ಉಳಿದ ನಾಲ್ವರ ಕೆಲಸ ಮುಗಿಸಿದ್ದು ಈ ಮೌನವೇ. ಮರಿಬೆಲ್‌ಗೆ ಮೌನವೆಂದರೆ ತಾನು ಮಾತನಾಡಲು ಬಿಟ್ಟುಕೊಟ್ಟ ಜಾಗ.

“ಮತ್ತೆ ನಮ್ಮ ಎಡಗೈ ಪಿಚರ್ ಹುಡುಗಿ ಇದಾಳಲ್ಲ, ಅವಳ ಚೆಂಡು ಮೇಲೇಳೋದು ನಿಂತೇ ಹೋಗಿದೆ. ಮಣಿಕಟ್ಟು ಬೇಗ ತಿರುಗಿಸ್ತಾಳೆ. ನಾನ್ ಹೇಳಿದ್ರೆ ‘ನೀನ್ಯಾವಳೇ ಹೇಳೋಕೆ’ ಅಂತಾಳೆ. ನೀವೇ ಹೇಳ್ಬಿಡಿ, ನಾನ್ ಹೇಳ್ದೆ ಅನ್ಬೇಡಿ.”

“ಮರಿಬೆಲ್, ನಿನ್ನಂಥ ಪ್ರತಿಭೆ ಇರೋರಿಗೆ ಆಡೋ ಅವಕಾಶ ಜಾಸ್ತಿ ಸಿಗೋ ಕಡೆ...” ಇದು ಸೂಚನೆಯ ಎರಡನೆಯ ಪುಟದ ವಾಕ್ಯ.

ಮರಿಬೆಲ್ ನಕ್ಕುಬಿಟ್ಟಳು. “ಪ್ರತಿಭೆನಾ? ಕೋಚ್, ನಾನು ಹತ್ತು ಸಲ ಬ್ಯಾಟ್ ಹಿಡಿದ್ರೆ ಒಂದ್ಸಲ ತಾಗುತ್ತೆ, ಅದೂ ಗಾಳಿ ಚೆನ್ನಾಗಿದ್ರೆ. ನನ್ನ ಯಾರ್ರೀ ಕರೀತಾರೆ?”

ನಗು ಅರ್ಧದಲ್ಲಿ ನಿಂತಿತು. ಅವಳು ಟಿಶ್ಯೂ ಡಬ್ಬಿಯನ್ನು ನೋಡಿದಳು. ಬುಟ್ಟಿಯಲ್ಲಿ ಕೆನ್ನಾ ಮುದ್ದೆ ಮಾಡಿ ಎಸೆದಿದ್ದ ಕಾಗದಗಳನ್ನು ನೋಡಿದಳು. ವರ್ನಾಳ ಮೊಣಕೈಯ ಕೆಳಗಿದ್ದ ಪತ್ರದಲ್ಲಿ ಮುದ್ರಿಸಿಟ್ಟ ತನ್ನ ಹೆಸರನ್ನೂ ನೋಡಿದಳು.

“ಕೋಚ್. ನನ್ನ ಓಡಿಸ್ತಾ ಇದೀರಾ?”

ಈ ಪ್ರಶ್ನೆಗೂ ಹಾಳೆಯಲ್ಲಿ ಉತ್ತರವಿತ್ತು: ‘ತೀರ್ಮಾನ ಸಂಪೂರ್ಣ ನಿನ್ನದು.’ ವರ್ನಾ ಬಾಯಿ ತೆರೆದಳು. ಆ ಮೂರು ಪದಗಳು ನಾಲಗೆಯ ತುದಿಯವರೆಗೂ ಬಂದವು, ಬಾಯೊಳಗೆ ಸತ್ತ ನೊಣವೊಂದು ಸಿಕ್ಕಂತೆ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಪಾಠ ಹೇಳಿದ ಹೆಂಗಸು ಅವಳು. ಬೆಳಗ್ಗೆಯಿಂದ ಆಡಿದ ಒಂದೊಂದು ಮಾತೂ ಬಿಡಿಬಿಡಿಯಾಗಿ ನೋಡಿದರೆ ಸುಳ್ಳಲ್ಲ. ಒಟ್ಟು ಸೇರಿಸಿದರೆ ಅದಕ್ಕಿಂತ ಹೊಲಸಾದ ಸುಳ್ಳನ್ನು ಅವಳು ಜೀವಮಾನದಲ್ಲಿ ಆಡಿರಲಿಲ್ಲ.

“ಹೌದು,” ಎಂದಳು. “ಓಡಿಸ್ತಾ ಇದೀನಿ. ಆದ್ರೆ ಓಡಿಸೋ ಅಧಿಕಾರ ನನಗಿಲ್ಲ. ನೀನು ಸಹಿ ಹಾಕದಿದ್ರೆ ನಿನ್ನ ವಿದ್ಯಾರ್ಥಿವೇತನ ಯಾರೂ ಮುಟ್ಟೋ ಹಾಗಿಲ್ಲ. ನಾನೂ ಇಲ್ಲ, ಹಕಬಿನೂ ಇಲ್ಲ. ಸಹಿ ಹಾಕ್ಬೇಡ.”

ಐಸಿನ ಚೀಲದ ನೀರು ತೊಟ್ಟಿಕ್ಕಿ ಮರಿಬೆಲ್‌ಳ ಚಡ್ಡಿ ಒದ್ದೆಯಾಗುತ್ತಿತ್ತು. ಕೊನೆಗೆ ಕೇಳಿದ್ದು ತನ್ನ ಬಗ್ಗೆಯಲ್ಲ.

“ಬೆಳಗ್ಗೆಯಿಂದ ನಾಲ್ಕು ಜನ ಬಂದು ಹೋದ್ರಲ್ಲ. ಅವ್ರಿಗೂ ಇದನ್ನ ಹೇಳಿದ್ರಾ?”

“ಇಲ್ಲ.”

“ಬ್ರೈಲೀ ನನ್ ಕೋಣೆಯವಳು. ಇಲ್ಲಿಂದ ಬಂದು ನಂಗೇನ್ ಹೇಳಿದ್ಲು ಗೊತ್ತಾ? ‘ಕೋಚ್ ಎಷ್ಟ್ ಒಳ್ಳೇವ್ರು ಕಣೇ, ನನ್ ಬಗ್ಗೆ ನನಗಿಂತ ಜಾಸ್ತಿ ಯೋಚ್ನೆ ಮಾಡಿದಾರೆ’ ಅಂದ್ಲು.” ಮರಿಬೆಲ್ ಎದ್ದಳು. ಬಾಗಿಲ ಬಳಿ ತಿರುಗಿ, “ನಮ್ಮಪ್ಪನಿಗೆ ಇದನ್ನ ಹೇಳಲ್ಲ ನಾನು. ಅವ್ರು ಇನ್ನೂ ನಿಮ್ಮನ್ನ ಮರ್ಯಾದೆಯಿಂದ ನೆನೆಸ್ಕೋತಾರೆ,” ಎಂದು ಹೊರಟುಹೋದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಪತ್ರಗಳು ಇನ್ನೂ ಮೇಜಿನ ಖಾನೆಯಲ್ಲೇ ಇದ್ದವು. ವರ್ನಾ ಫೋನು ಕೈಗೆತ್ತಿಕೊಂಡಳು. ಕೆನ್ನಾ, ಆಡಿಸನ್ ಹಾಸ್ಟೆಲಿನಲ್ಲಿ ಗಂಟು ಕಟ್ಟುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಒಟ್ಟಿಗೇ ಬಂದರು. ವರ್ನಾ ಕುರ್ಚಿ ಬಿಟ್ಟು ಎದ್ದು ನಿಂತು, ನಿಯಮವನ್ನು ಓದಿ ಹೇಳಿ, ಅವರವರ ಪತ್ರ ಅವರವರ ಕೈಗೆ ಕೊಟ್ಟಳು. ಆಡಿಸನ್ ತನ್ನದನ್ನು ಅಲ್ಲೇ ನಾಲ್ಕಾಗಿ ಹರಿದಳು. ಕೆನ್ನಾ, “ಹಾಗಾದ್ರೆ ಬೆಳಗ್ಗೆ ನಾನು ಅತ್ತಿದ್ದು ಸುಮ್ನೆನಾ?” ಎಂದು ಕೇಳಿ ಮತ್ತೆ ಅಳತೊಡಗಿದಳು. ಡಬ್ಬಿಯ ಕಡೆ ಯಾರೂ ಕೈ ಚಾಚಲಿಲ್ಲ.

ಜೇಸಿ ಬಂದವಳು ಕೂರಲಿಲ್ಲ. ಎಲ್ಲವನ್ನೂ ಕೇಳಿ, “ಆಯ್ತಾ?” ಎಂದಳು.

“ಆಯ್ತು. ನಿನ್ನ ಜಾಗ ನಿಂದೇ. ತಗೋ ಪತ್ರ.”

“ಬೇಡ. ಕಳ್ಸಿ ಅದನ್ನ. ಬೆಳಗ್ಗೆ ಒಂಬತ್ತೂವರೆಗೆ ಇಷ್ಟು ಚೆನ್ನಾಗಿ ಸುಳ್ಳು ಹೇಳೋರು ಹನ್ನೆರಡು ಗಂಟೆಗೆ ನಿಜ ಹೇಳಿದ್ರೆ ಏನು ಬಂತು ಕೋಚ್? ನಾಳೆ ಪಂದ್ಯದಲ್ಲಿ ಮೂರನೇ ಬೇಸ್‌ನಲ್ಲಿ ನಿಂತು ನೀವು ‘ಓಡು’ ಅಂತ ಕೈ ಬೀಸಿದ್ರೆ ನಾನು ಓಡ್ಬೇಕಾ ಬೇಡ್ವಾ ಅಂತ ಯೋಚ್ನೆ ಮಾಡ್ಬೇಕಾಗುತ್ತೆ.”

ವರ್ನಾ ಪತ್ರವನ್ನು ಮತ್ತೆ ಖಾನೆಯೊಳಗೆ ಇಟ್ಟಳು. ಜೇಸಿ ಹೇಳಿದ್ದು ಸರಿಯಾಗಿಯೇ ಇತ್ತು.

ಬ್ರೈಲೀ ಆಗಲೇ ಕಾರಿನಲ್ಲಿ ಊರಿನ ದಾರಿ ಹಿಡಿದಿದ್ದಳು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಫೋನಿನಲ್ಲಿ ಮಾತನಾಡಿದಳು. ಹಿಂದೆ ಲಾರಿಗಳ ಸದ್ದು. ವರ್ನಾ ಹೇಳಿದ್ದನ್ನೆಲ್ಲ ಕೇಳಿ, ಬಹಳ ಸಣ್ಣ ದನಿಯಲ್ಲಿ ಅಂದಳು: “ಕೋಚ್, ನಾನು ಅಪ್ಪನಿಗೆ ಹೇಳ್ಬಿಟ್ಟೆ. ನಾನೇ ಬಿಟ್ಟೆ ಅಂತ. ಇಷ್ಟ ಇಲ್ಲ, ಸಾಕಾಯ್ತು ಅಂತ. ನನ್ನ ಆರನೇ ವಯಸ್ಸಿಂದ ಚೆಂಡು ಹಿಡ್ಕೊಂಡು ನಿಂತೋರು ಅವ್ರು. ಮಗಳೇ ಬಿಟ್ಲು ಅಂದ್ರೆ ತಡ್ಕೋತಾರೆ. ಮಗಳನ್ನ ಬೇಡ ಅಂದ್ರು ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ. ಅದನ್ನ ಹಾಗೇ ಇರೋಕೆ ಬಿಡಿ. ಪ್ಲೀಸ್.”

“ಬ್ರೈಲೀ, ನಿನ್ನ ಓದು...”

“ನಮ್ಮೂರ ಪಕ್ಕದ ಕಾಲೇಜಿಗೆ ಹೋಗ್ತೀನಿ ಬಿಡಿ. ಪತ್ರ ಕಳ್ಸಿ.”

ಹೀಗೆ ಮೂರು ಗಂಟೆಗೆ ಹಕಬಿ ಒಳಗೆ ಬಂದಾಗ ಮೇಜಿನ ಮೇಲೆ ಸಹಿಯಾದ ಎರಡೇ ಪತ್ರಗಳಿದ್ದವು. ಅವನ ಕೈಯಲ್ಲಿ ತಣ್ಣನೆಯ ಚಹಾದ ದೊಡ್ಡ ಲೋಟ. ವರ್ನಾ ಏಳಲಿಲ್ಲ. ನಡೆದದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಹುಡುಗಿಯರಿಗೆ ನಿಯಮ ತಿಳಿಸಿದೆ ಎಂದಳು. ಬೇಕಾದರೆ ನನ್ನನ್ನು ತೆಗೆಯಿರಿ ಎಂದಳು. ಹೇಳುವಾಗ ಬೆನ್ನು ನೆಟ್ಟಗಾಯಿತು. ದಿನವೆಲ್ಲ ಮಲಿನವಾಗಿದ್ದ ಬಾಯಿ ಸ್ವಲ್ಪ ಶುದ್ಧವಾದಂತೆಯೂ ಅನಿಸಿತು.

ಹಕಬಿ ಸಿಟ್ಟಾಗಲಿಲ್ಲ. ಲೋಟದ ಐಸು ಅಲ್ಲಾಡಿಸಿಕೊಂಡು ಎರಡೂ ಪತ್ರ ತಿರುವಿ ನೋಡಿದ.

“ಹೆಂಬ್ರೀ, ಸ್ಟೋವಲ್. ಸರಿ ಹೋಯ್ತಲ್ಲ. ನಮಗೆ ಬರ್ತಿರೋರೂ ಇಬ್ರೇ, ಒಬ್ಳು ಪಿಚರ್, ಒಬ್ಳು ಬ್ಯಾಟ್ ಬೀಸೋಳು.”

“ನೀವು ಐದು ಕೇಳಿದ್ರಿ.”

“ಅಯ್ಯೋ, ಐದು ಕೇಳ್ದೆ ಇದ್ರೆ ಎರಡು ಎಲ್ಲಿ ಸಿಗುತ್ತೆ ವರ್ನಾ? ಈ ಕುರ್ಚಿಗೆ ಬಂದೋರೆಲ್ಲ ಮೊದಲ್ನೇ ವರ್ಷ ಹಿಂಗೇನೇ. ಮಧ್ಯಾಹ್ನಕ್ಕೆ ಮನಸ್ಸು ಕರಗುತ್ತೆ, ಕರೆದು ವಾಪಸ್ ಕೊಡ್ತಾರೆ. ನಾನ್ ಅದಕ್ಕೇನೂ ಬೇಜಾರ್ ಮಾಡ್ಕೊಳ್ಳಲ್ಲಮ್ಮಾ. ಆ ಲೆಕ್ಕ ಹಿಡಿದೇ ಪಟ್ಟಿ ಮಾಡೋದು. ಮುಂದಿನ್ ವರ್ಷ ಮೂರು ಕೊಡ್ತೀರಿ, ಅದರ ಮುಂದಿನ್ ವರ್ಷ ಕೇಳಿದಷ್ಟೂ ಕೊಡ್ತೀರಿ.” ಅವನು ಪತ್ರಗಳನ್ನು ಅವಳ ಕಡೆಗೇ ನೂಕಿದ. “ಕೆಳಗೆ ನಿಮ್ಮ ಸಹಿ ಬಿಟ್ಟುಹೋಗಿದೆ. ಹಾಕಿ ಕಚೇರಿಗೆ ಕೊಟ್ಬಿಡಿ. ನಿಮ್ಮ ಕರಾರೂ ನಾಳೆ ಕಳಿಸ್ತೀನಿ.”

ಅವನು ಹೋದ. ಚಹಾದ ಲೋಟದಡಿಯ ನೀರು ಮೇಜಿನ ಮೇಲೆ ಉಂಗುರವಾಗಿ ಉಳಿಯಿತು.

ತನ್ನ ಆತ್ಮಸಾಕ್ಷಿ ಬಂಡೆದ್ದಿತು ಎಂದು ವರ್ನಾ ತಿಳಿದಿದ್ದಳು. ಬಂಡೇಳುವುದಕ್ಕೂ ಈ ಮನುಷ್ಯ ಪಟ್ಟಿಯಲ್ಲಿ ಜಾಗ ಬಿಟ್ಟಿದ್ದ. ಕೊಟ್ಟಿಗೆಯ ಹಸು ಒಂದೆರಡು ಸಲ ಒದೆಯುತ್ತದೆಂದು ಗೊತ್ತಿದ್ದೇ ಪಾತ್ರೆಯನ್ನು ಸ್ವಲ್ಪ ದೂರ ಹಿಡಿಯುವವನ ಜಾಣತನ ಅದು. ತಾನು ಒದೆದದ್ದೂ ಅವನ ಹಾಲು ಕರೆಯುವ ಕ್ರಮದ ಒಂದು ಭಾಗವೇ! ಅವಳಿಗೆ ಹೇಸಿಗೆಯಾಯಿತು. ಹಕಬಿಯ ಮೇಲೆ ಅಷ್ಟಲ್ಲ. ಮೂರು ಗಂಟೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ ಆ ಹೆಂಗಸಿನ ಮೇಲೆ.

ಅವಳು ಪತ್ರಗಳನ್ನು ಎಳೆದುಕೊಂಡು ಓದಿದಳು. ಹುಡುಗಿಯ ಸಹಿಯ ಕೆಳಗೆ ಮುಖ್ಯ ತರಬೇತುದಾರರು ತುಂಬಬೇಕಾದ ಒಂದು ಸಾಲು: ‘ಈ ತೀರ್ಮಾನಕ್ಕೆ ವಿದ್ಯಾರ್ಥಿನಿಯ ಮೇಲೆ ಯಾರಾದರೂ ಒತ್ತಡ ಹೇರಿದ್ದಾರೆಯೇ? ಹೌದು. ಇಲ್ಲ.’ ಪಕ್ಕದಲ್ಲಿ ಎರಡು ಪುಟ್ಟ ಚೌಕಗಳು.

ಬ್ರೈಲೀಯ ಪತ್ರವನ್ನು ಮೊದಲು ತೆಗೆದುಕೊಂಡಳು. ನಿಜ ಬರೆದರೆ ಪತ್ರ ನಿಲ್ಲುತ್ತದೆ, ವಿಚಾರಣೆಯಾಗುತ್ತದೆ, ಆ ತಂದೆಯ ಮನೆಗೆ ಕಾಗದ ಹೋಗುತ್ತದೆ. ಮಗಳ ಆರನೆಯ ವಯಸ್ಸಿನಿಂದ ಚೆಂಡು ಹಿಡಿದು ನಿಂತ ಮನುಷ್ಯ ಅದನ್ನು ಒಡೆದು ಓದುತ್ತಾನೆ. ವರ್ನಾ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದಳು. ಸುಳ್ಳು. ಹುಡುಗಿ ಬೇಡಿಕೊಂಡ ಸುಳ್ಳು ಎಂದ ಮಾತ್ರಕ್ಕೆ ಅದು ಕರುಣೆಯಾಗುವುದಿಲ್ಲ. ಬೆಳಗ್ಗೆ ತಾನು ಹೇಳಿದ ಸುಳ್ಳಿಗೆ ಹುಟ್ಟಿದ ಮಗು ಅದು, ಅದನ್ನು ತಾನೇ ಎತ್ತಿಕೊಳ್ಳಬೇಕು. ಹಾಗೆಂದುಕೊಂಡರೂ ಸಮಾಧಾನವಾಗಲಿಲ್ಲ.

ಜೇಸಿಯ ಪತ್ರದಲ್ಲಿ ‘ಹೌದು’ ಎಂದು ಗುರುತು ಹಾಕಿದಳು.

ನಿಯಮಪಾಲನಾ ಕಚೇರಿಯ ಕಿಟಕಿಯಲ್ಲಿ ಶ್ರೀಮತಿ ಪೋಗ್ ಎಂಬ ಹಿರಿಯ ಗುಮಾಸ್ತೆ ಕೂತಿದ್ದಳು. ಮೂವತ್ತು ವರ್ಷದಿಂದ ಅದೇ ಕಿಟಕಿ. ಬ್ರೈಲೀಯ ಪತ್ರಕ್ಕೆ ಮುದ್ರೆ ಬಿತ್ತು. ಜೇಸಿಯದನ್ನು ಓದಿದವಳು ಕನ್ನಡಕ ಸರಿಪಡಿಸಿಕೊಂಡಳು.

“ಡರ್ಕ್ಸನ್ನವ್ರೇ, ಇಲ್ಲಿ ತಪ್ಪಾಗಿದೆ ನೋಡಿ. ‘ಇಲ್ಲ’ ಅನ್ನೋ ಕಡೆ ಹಾಕ್ಬೇಕಿತ್ತು. ಬೇರೆ ನಮೂನೆ ಕೊಡ್ತೀನಿ ಇರಿ.”

“ತಪ್ಪಾಗಿಲ್ಲ.”

“ಅಲ್ರೀ, ಎಲ್ಲಾ ‘ಇಲ್ಲ’ ಅಂತಾನೇ ಹಾಕೋದು. ‘ಹೌದು’ ಅಂತ ಹಾಕಿದ್ರೆ ಈ ಕಂಪ್ಯೂಟರ್‌ನಲ್ಲಿ ಇನ್ನೊಂದು ಪುಟ ತೆರ್ಕೊಳುತ್ತೆ. ಆ ಪುಟ ಹೆಂಗಿರುತ್ತೆ ಅಂತ ನಾನೇ ಇದುವರ್ಗೂ ನೋಡಿಲ್ಲ.” ಅವಳು ದನಿ ತಗ್ಗಿಸಿದಳು. “ಯೋಚ್ನೆ ಮಾಡಿ ತಾಯಿ. ಒಮ್ಮೆ ತೆರೆದ್ರೆ ಅದು ನೇರ ಯೂನಿವರ್ಸಿಟಿ ಅಧ್ಯಕ್ಷರ ಕಚೇರಿಗೆ ಹೋಗುತ್ತೆ, ವಾಪಸ್ ತಗೊಳ್ಳೋಕಾಗಲ್ಲ. ಹಕಬಿಯವ್ರಿಗೂ ಗೊತ್ತಾಗುತ್ತೆ.”

“ಗೊತ್ತಾಗ್ಲಿ. ಇದು ಅವ್ರ ಪಟ್ಟಿಯಲ್ಲಿಲ್ಲ.”

“ಈ ವಯಸ್ಸಲ್ಲಿ ಬೇರೆ ಯಾರ್ ಕೆಲ್ಸ ಕೊಡ್ತಾರ್ರೀ ನಿಮ್ಗೆ?”

“ಯಾರೂ ಕೊಡಲ್ಲ ಅನ್ಸುತ್ತೆ,” ಎಂದಳು ವರ್ನಾ. ಕೊಡಬಾರದು ಕೂಡ ಎಂದು ಮನಸ್ಸಿನಲ್ಲೇ ಸೇರಿಸಿದಳು. ಗೋಡೆಯ ಬದಿಯ ಕುರ್ಚಿಯನ್ನು ಎಳೆದು ಕಿಟಕಿಯ ಮುಂದೆ ಹಾಕಿ ಕೂತಳು. “ತೆಗೀರಿ ಆ ಪುಟ. ಇಬ್ಬರೂ ನೋಡೋಣ.”

ಶ್ರೀಮತಿ ಪೋಗ್ ನಿಟ್ಟುಸಿರು ಬಿಟ್ಟು ಗುಂಡಿ ಒತ್ತಿದಳು. ಪುಟ ತೆರೆಯಲು ಹೊತ್ತು ಹಿಡಿಯಿತು. ತೆರೆದಾಗ ಅವಳು ಕುತ್ತಿಗೆ ಮುಂದೆ ಚಾಚಿ, ಶಾಲೆಯ ಮಗುವಿನಂತೆ ಒಂದೊಂದೇ ಪದ ಓದಿದಳು.

“ಮೊದಲ್ನೇ ಪ್ರಶ್ನೆ. ‘ಒತ್ತಡ ಹೇರಿದವರ ಹೆಸರು.’ ಎರಡು ಹೆಸರಿಗೆ ಜಾಗ ಇದೆ.”

“ಎರಡು ಸಾಕು,” ಎಂದಳು ವರ್ನಾ. “ಮೊದಲು ನಂದು ಬರ್ಕೊಳ್ಳಿ.”